ಮಿನಿ ಟ್ರ್ಯಾಕ್ಟರ್‌ಗೆ ರೋಟವೇಟರ್: ದಾವಣಗೆರೆ, ಚಿತ್ರದುರ್ಗದ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಚನ್ನಗಿರಿಯಿಂದ ಹೊಳಲ್ಕೆರೆ, ಹೊಸದುರ್ಗದವರೆಗೆ ಅಡಿಕೆ ತೋಟ ಹಬ್ಬುತ್ತಾ ಹೋದ ಹಾಗೆ ಮಿನಿ ಟ್ರ್ಯಾಕ್ಟರ್‌ಗಳೂ ಹಿಂದೆಯೇ ಬಂದವು. ಟ್ರ್ಯಾಕ್ಟರ್ ಮನೆಗೆ ಬಂದ ವಾರದಲ್ಲೇ ರೋಟವೇಟರ್, ಅಂದರೆ ಹಿಂದೆ ಜೋಡಿಸಿ ತಿರುಗುವ ಬ್ಲೇಡ್‌ಗಳಿಂದ ಮಣ್ಣು ಸಡಿಲ ಮಾಡುವ ಮಷೀನಿನ ವಿಚಾರ ಶುರುವಾಗುತ್ತದೆ. ಎಷ್ಟು ಅಡಿ ತಗೊಳ್ಳೋದು, ಹೇಗೆ ಜೋಡಿಸೋದು, ಮರದ ಬೇರಿಗೆ ಏಟು ಬೀಳಲ್ವಾ? ಪದೇ ಪದೇ ಕೇಳುವ ಇಂಥ ಪ್ರಶ್ನೆಗಳನ್ನು ಉತ್ತರದ ಜೊತೆ ಇಲ್ಲಿ ಹಾಕಿದ್ದೇನೆ.

ನನ್ನ ಟ್ರ್ಯಾಕ್ಟರ್‌ಗೆ ಎಷ್ಟು ಅಡಿಯ ರೋಟವೇಟರ್ ಸರಿಹೋಗುತ್ತದೆ?

ಒಂದು ಅಡಿ ಅಗಲಕ್ಕೆ ಸುಮಾರು 8ರಿಂದ 10 ಎಚ್‌ಪಿ ಬೇಕು ಅನ್ನೋದು ರೂಢಿಯ ಲೆಕ್ಕ. ಸಡಿಲ ಮಣ್ಣು, ಕಡಿಮೆ ಆಳ ಆದರೆ ಇದಕ್ಕಿಂತ ಕಡಿಮೆಯಲ್ಲೂ ನಡೆಯುತ್ತದೆ. ಟ್ರ್ಯಾಕ್ಟರ್ ಮೇಲೆ ಬರೆದಿರುವುದು ಎಂಜಿನ್ ಎಚ್‌ಪಿ. ರೋಟವೇಟರ್‌ಗೆ ಸಿಗುವುದು ಪಿಟಿಒ (ಟ್ರ್ಯಾಕ್ಟರಿನ ಹಿಂದೆ ತಿರುಗುತ್ತಾ ಮಷೀನಿಗೆ ಶಕ್ತಿ ಕೊಡುವ ದಂಡ) ಎಚ್‌ಪಿ, ಅದು ಯಾವಾಗಲೂ ಸ್ವಲ್ಪ ಕಡಿಮೆ. ಹಾಗಾಗಿ 24 ಎಚ್‌ಪಿ ಗಾಡಿಗೆ 3 ಅಡಿ ಆರಾಮ. 27-28 ಎಚ್‌ಪಿಗೆ ಮೂರೂವರೆ, ಮಣ್ಣು ಸಡಿಲ ಇದ್ದರೆ 4 ಅಡಿ. 15 ಎಚ್‌ಪಿ ಗಾಡಿಗೆ 3 ಅಡಿಯದೇ ದೊಡ್ಡದು. ತೋಟದ ಮಣ್ಣಿನಲ್ಲಿ ಎಳೆಯುತ್ತದೆ, ಬೇಸಿಗೆಯ ಗಟ್ಟಿ ಹೊಲದಲ್ಲಿ ಏದುಸಿರು ಬಿಡುತ್ತದೆ.

ಅಂಗಡಿಯಲ್ಲಿ "4 ಅಡಿನೇ ತಗೊಳ್ಳಿ ಸಾರ್, ಬೇಗ ಕೆಲಸ ಮುಗಿಯುತ್ತೆ" ಅನ್ನುತ್ತಾರೆ. ಮುಗಿಯಲ್ಲ. ಎಂಜಿನ್ ಒದ್ದಾಡಿದರೆ ಗೇರ್ ಇಳಿಸಬೇಕು, ವೇಗ ಹೋಯಿತು. ಚಿಕ್ಕದು ಸಲೀಸಾಗಿ ಓಡಿದರೆ ಸಂಜೆ ಹೊತ್ತಿಗೆ ಅದೇ ಜಾಸ್ತಿ ಕೆಲಸ ಮಾಡಿರುತ್ತದೆ.

ಇನ್ನೊಂದು ಅಳತೆ ಟೈರಿನದು. ಹಿಂದಿನ ಎರಡು ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪ್ ಹಿಡಿಯಿರಿ. ರೋಟವೇಟರ್ ಅಷ್ಟಾದರೂ ಅಗಲ ಇದ್ದರೆ ಟೈರ್ ತುಳಿದ ಜಾಗ ಸಡಿಲಾಗುತ್ತದೆ. ಇಲ್ಲದಿದ್ದರೆ ಪಕ್ಕದಲ್ಲಿ ತುಳಿದ ಪಟ್ಟೆ ಹಾಗೇ ಉಳಿಯುತ್ತದೆ. ಕೆಲವು ಮಾಡೆಲ್‌ಗಳಲ್ಲಿ ರೋಟವೇಟರನ್ನು ಒಂದು ಪಕ್ಕಕ್ಕೆ ಸರಿಸಿ ಕೂರಿಸಬಹುದು. ಆಗ ಒಂದು ಟೈರಿನ ಗುರುತಾದರೂ ಅಳಿಯುತ್ತದೆ, ಮರದ ಹತ್ತಿರ ಹೋಗಲೂ ಅನುಕೂಲ.

ಅಡಿಕೆ ಸಾಲಿನ ಮಧ್ಯೆ ಹೇಗೆ ಲೆಕ್ಕ ಹಾಕೋದು?

9 ಅಡಿಗೆ 9 ಅಡಿ ನೆಟ್ಟ ತೋಟ ಅಂದುಕೊಳ್ಳಿ. ಎರಡೂ ಕಡೆ ಬುಡದಿಂದ 2 ಅಡಿ ಬಿಟ್ಟರೆ ಮಧ್ಯೆ 5 ಅಡಿ ಉಳಿಯುತ್ತದೆ. 3 ಅಡಿಯ ರೋಟವೇಟರ್‌ನಲ್ಲಿ ಹೋಗುತ್ತಾ ಒಂದು, ಬರುತ್ತಾ ಒಂದು. ಮಧ್ಯೆ ಒಂದು ಅಡಿ ಎರಡು ಸಲ ಬೀಳುತ್ತದೆ, ಅಷ್ಟೇ. 4 ಅಡಿಯದಾದರೆ ಒಂದೇ ಸಲಕ್ಕೆ ಮುಗಿಸಿ, ಎರಡೂ ಕಡೆ ಎರಡೂವರೆ ಅಡಿ ಬಿಟ್ಟುಬಿಡಬಹುದು. ಬುಡದ ಕಳೆ ಕುಡುಗೋಲಿನ ಕೆಲಸ. ಅದನ್ನೂ ಮಷೀನಿನಲ್ಲೇ ಮಾಡುತ್ತೇನೆ ಅಂತ ಹಟ ಮಾಡಿದರೆ ಮರದ ಸಿಪ್ಪೆ ಏಳುತ್ತದೆ.

ಎಂಟು ಅಡಿಯ ಹಳೆ ತೋಟ, ಮಧ್ಯೆ ಬಾಳೆ, ಮರಕ್ಕೆ ಮೆಣಸಿನ ಬಳ್ಳಿ. ಅಂಥ ಕಡೆ ಸಾಲಿನ ಕೊನೆಯಲ್ಲಿ ತಿರುಗಲು ಜಾಗ ಇದೆಯಾ ಅಂತ ಮೊದಲು ನೋಡಿ. ಬೇಲಿ ತನಕ ಸಸಿ ನೆಟ್ಟಿದ್ದರೆ ಟ್ರ್ಯಾಕ್ಟರ್ ಒಳಗೆ ಹೋಗುತ್ತದೆ, ಹೊರಗೆ ಬರೋದೇ ಕಷ್ಟ.

ಪವರ್ ಟಿಲ್ಲರ್ ಇದೆ. ಅದನ್ನು ಮಾರಿ ಇದಕ್ಕೆ ಹೋಗಬೇಕಾ?

ತೋಟ ಮಾತ್ರ, ಅದೂ ಎರಡು ಮೂರು ಎಕರೆ ಇದ್ದರೆ ಬೇಡ. ಟಿಲ್ಲರ್ ಎಲ್ಲಿ ಬೇಕಾದರೂ ನುಗ್ಗುತ್ತದೆ, ಡೀಸೆಲ್ ಕಡಿಮೆ. ಆದರೆ ದಿನವಿಡೀ ಅದರ ಹಿಂದೆ ನಡೆಯಬೇಕು, ಕೈ ಜುಮ್ಮೆನ್ನುತ್ತದೆ. ಔಷಧಿ ಹೊಡೆಯೋದು, ಗೊಬ್ಬರ ಸಾಗಿಸೋದು, ಅಡಿಕೆ ಗೊನೆ ತರೋದು ಇವೆಲ್ಲಾ ಇದ್ದರೆ ಮಿನಿ ಟ್ರ್ಯಾಕ್ಟರ್ ಲೆಕ್ಕಕ್ಕೆ ಬರುತ್ತದೆ. ಬರೀ ರೋಟವೇಟರ್ ಹೊಡೆಯಲು ಬರಲ್ಲ.

ಖರೀದಿಗೆ ಮುಂಚೆ ಟ್ರ್ಯಾಕ್ಟರ್‌ನಲ್ಲಿ ಏನೇನು ನೋಡಿಕೊಳ್ಳಬೇಕು?

ಮೂರು ವಿಷಯ. ಪಿಟಿಒ ಶಾಫ್ಟಿನ ಹಲ್ಲು: ಸಾಮಾನ್ಯವಾಗಿ 6 ಹಲ್ಲು, ಸುಮಾರು 35 ಮಿ.ಮೀ. ದಪ್ಪ. ಲಿಂಕೇಜ್, ಅಂದರೆ ಮಷೀನ್ ಸಿಕ್ಕಿಸುವ ಹಿಂದಿನ ಮೂರು ತೋಳು: ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಕೆಟಗರಿ 1 ಅಳತೆ ಅಥವಾ ಅದರ ಕಿರಿದಾದ ರೂಪ 1ಎನ್ ಇರುತ್ತದೆ. ಕೆಟಗರಿ 1ರ ಕೆಳಗಿನ ಪಿನ್ನು 22 ಮಿ.ಮೀ., ಟಾಪ್ ಲಿಂಕ್ ಪಿನ್ನು 19 ಮಿ.ಮೀ. ದೊಡ್ಡ ಟ್ರ್ಯಾಕ್ಟರಿನ ರೋಟವೇಟರ್ ತಂದು ಪಿನ್ನಿಗೆ ಬುಷ್ ಹಾಕಿ ಹೊಂದಿಸುವವರಿದ್ದಾರೆ. ಪಿನ್ನು ಹೊಂದುತ್ತದೆ, ತೂಕ ಹೊಂದಬೇಕಲ್ಲ? ಮೂರನೆಯದು ಅದೇ. ಟ್ರ್ಯಾಕ್ಟರಿನ ಪುಸ್ತಕದಲ್ಲಿ ಎಷ್ಟು ಕಿಲೋ ಎತ್ತುತ್ತದೆ ಅಂತ ಬರೆದಿರುತ್ತಾರೆ, ರೋಟವೇಟರಿನ ತೂಕ ಅದರ ಪ್ಲೇಟಿನ ಮೇಲೆ ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಒಬ್ಬನೇ ಜೋಡಿಸಬಹುದಾ? ಕ್ರಮ ಏನು?

ಜೋಡಿಸಬಹುದು, ನೆಲ ಸಮ ಇರಬೇಕು. ರೋಟವೇಟರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟ್ರ್ಯಾಕ್ಟರ್ ನೇರವಾಗಿ ಹಿಂದಕ್ಕೆ ತನ್ನಿ. ಹತ್ತಿರ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ, ಆಮೇಲೆ ಇಳಿಯಿರಿ. ಮೊದಲು ಎಡಗಡೆಯ ಕೆಳಗಿನ ಲಿಂಕ್. ಬಲಗಡೆಯದಕ್ಕೆ ಎತ್ತರ ಹೊಂದಿಸುವ ಹಿಡಿಕೆ ಇರುವುದರಿಂದ ಅದು ಎರಡನೆಯದು. ನಂತರ ಟಾಪ್ ಲಿಂಕ್. ಕೊನೆಗೆ ಟ್ರ್ಯಾಕ್ಟರನ್ನು ರೋಟವೇಟರ್ ಗೇರ್‌ಬಾಕ್ಸಿಗೆ ಸೇರಿಸುವ ಪಿಟಿಒ ಶಾಫ್ಟ್. ಬಿಚ್ಚುವಾಗ ಇದರ ಉಲ್ಟಾ, ಶಾಫ್ಟ್ ಮೊದಲು.

ಶಾಫ್ಟ್ ಕೂರಿಸಿದ ಮೇಲೆ ಲಾಕ್ ಪಿನ್ "ಟಕ್" ಅಂದಿತಾ ಅಂತ ಕೇಳಿಸಿಕೊಳ್ಳಿ. ಆಮೇಲೆ ಕೈಯಲ್ಲಿ ಹಿಂದೆ ಮುಂದೆ ಎಳೆದು ನೋಡಿ. ಪಕ್ಕದ ಚೈನುಗಳನ್ನು ಬಿಗಿ ಮಾಡಿ, ರೋಟವೇಟರ್ ಅತ್ತಿತ್ತ ಓಲಾಡಿ ಟೈರಿಗೆ ತಾಗಬಾರದು.

ಒಂದು ಮಾತು. ಹಿಂದೆ ಒಬ್ಬರು ನಿಂತು "ಬಾ ಬಾ, ಇನ್ನೂ ಸ್ವಲ್ಪ" ಅನ್ನುತ್ತಾ ಟ್ರ್ಯಾಕ್ಟರ್ ಮತ್ತು ರೋಟವೇಟರ್ ಮಧ್ಯೆ ಸಿಕ್ಕಿಹಾಕಿಕೊಳ್ಳುವ ಜಾಗ ಇದು. ಸಹಾಯಕ್ಕೆ ಬಂದವರು ಪಕ್ಕದಲ್ಲಿ, ನಿಮ್ಮ ಕಣ್ಣಿಗೆ ಕಾಣುವ ಹಾಗೆ ನಿಲ್ಲಲಿ.

ಶಾಫ್ಟ್ ಕತ್ತರಿಸಬೇಕು ಅಂತಾರೆ. ಹೊಸ ಶಾಫ್ಟನ್ನು ಯಾಕೆ ಕತ್ತರಿಸೋದು?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಶೋರೂಮಿನಲ್ಲಿ ಜೋಡಿಸಿ ಕೊಡುವವರು ಹಾರಿಸಿಬಿಡುವ ಕೆಲಸವೂ ಇದೇ.

ಪಿಟಿಒ ಶಾಫ್ಟ್ ಅಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆ. ಲಿಫ್ಟ್ ಏರಿದಾಗ, ಇಳಿದಾಗ ಅದರ ಉದ್ದ ಹೆಚ್ಚು ಕಡಿಮೆ ಆಗುತ್ತದೆ. ಕಂಪನಿಯವರು ಎಲ್ಲಾ ಟ್ರ್ಯಾಕ್ಟರ್‌ಗೂ ಆಗಲಿ ಅಂತ ಉದ್ದವಾಗಿಯೇ ಕಳಿಸುತ್ತಾರೆ. ಮಿನಿ ಟ್ರ್ಯಾಕ್ಟರಿನಲ್ಲಿ ಪಿಟಿಒಗೂ ರೋಟವೇಟರ್ ಗೇರ್‌ಬಾಕ್ಸಿಗೂ ಅಂತರ ಕಡಿಮೆ. ಶಾಫ್ಟ್ ಉದ್ದ ಜಾಸ್ತಿಯಾದರೆ ಒಳಕೊಳವೆ ತಳ ಮುಟ್ಟಿ, ಒಂದು ಕಡೆ ಟ್ರ್ಯಾಕ್ಟರಿನ ಪಿಟಿಒ ಬೇರಿಂಗ್, ಇನ್ನೊಂದು ಕಡೆ ಗೇರ್‌ಬಾಕ್ಸನ್ನು ಗುದ್ದುತ್ತದೆ. ಸೀಲ್ ಹೋಗಿ ಆಯಿಲ್ ಸೋರಲು ಶುರುವಾದಾಗ ಎಲ್ಲರೂ ಸೀಲನ್ನು ಬೈಯುತ್ತಾರೆ.

ಅಳತೆ ಹೀಗೆ. ರೋಟವೇಟರನ್ನು ಲಿಂಕೇಜಿಗೆ ಜೋಡಿಸಿ, ಶಾಫ್ಟ್ ಇನ್ನೂ ಹಾಕಬೇಡಿ. ಲಿಫ್ಟನ್ನು ನಿಧಾನ ಏರಿಸಿ, ಪಿಟಿಒ ತುದಿ ಮತ್ತು ಗೇರ್‌ಬಾಕ್ಸ್ ತುದಿ ಅತಿ ಹತ್ತಿರ ಬರುವ ಜಾಗದಲ್ಲಿ ನಿಲ್ಲಿಸಿ. ಸಾಮಾನ್ಯವಾಗಿ ಎರಡೂ ಒಂದೇ ಎತ್ತರಕ್ಕೆ ಬಂದಾಗ ಅಂತರ ಅತಿ ಕಡಿಮೆ. ಎಂಜಿನ್ ಆಫ್ ಮಾಡಿ, ರೋಟವೇಟರ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಶಾಫ್ಟನ್ನು ಎರಡು ಭಾಗ ಮಾಡಿ, ಒಂದನ್ನು ಪಿಟಿಒಗೆ, ಇನ್ನೊಂದನ್ನು ಗೇರ್‌ಬಾಕ್ಸಿಗೆ ಹಾಕಿ, ಎರಡನ್ನೂ ಪಕ್ಕಪಕ್ಕದಲ್ಲಿ ಹಿಡಿಯಿರಿ. ಪ್ರತಿ ಕೊಳವೆಯ ತುದಿಗೂ ಎದುರಿನ ತಳಕ್ಕೂ ಮಧ್ಯೆ ಎರಡು ಬೆರಳಿನಷ್ಟು, ಅಂದರೆ 25ರಿಂದ 40 ಮಿ.ಮೀ. ಜಾಗ ಉಳಿಯಬೇಕು. ಉಳಿಯದಿದ್ದರೆ ಅಲ್ಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಒಳಕೊಳವೆ, ಹೊರಕೊಳವೆ, ಮೇಲಿನ ಎರಡು ಪ್ಲಾಸ್ಟಿಕ್ ಕವರ್, ನಾಲ್ಕರಿಂದಲೂ ಒಂದೇ ಅಳತೆಯಷ್ಟು ಕತ್ತರಿಸಿ ತೆಗೆಯಬೇಕು. ಹ್ಯಾಕ್ಸಾ ಸಾಕು. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ, ಬೆರಳು ಆಡಿಸಿದರೆ ತರಚಬಾರದು. ಪುಡಿ ಒರೆಸಿ, ಗ್ರೀಸ್ ಸವರಿ ಜೋಡಿಸಿ. ಕೈ ಬರದಿದ್ದರೆ ಲೇತ್ ಶಾಪಿಗೆ ಕೊಡಿ. ಹರಿಹರದ ಕಡೆಯವರಿಗಂತೂ ಹುಡುಕಬೇಕಾಗಿಲ್ಲ, ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ತಯಾರಾಗುತ್ತಿದ್ದ ಊರು ಅದು.

ಕತ್ತರಿಸುವ ಮುಂಚೆ ಇನ್ನೊಂದು ಪರೀಕ್ಷೆ ಇದೆ. ರೋಟವೇಟರನ್ನು ಪೂರ್ತಿ ಕೆಳಗಿಳಿಸಿದಾಗ, ಅಂದರೆ ಶಾಫ್ಟ್ ಅತಿ ಉದ್ದ ಆದಾಗ, ಕೊಳವೆಯ ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು. ಕಡಿಮೆ ಇದ್ದರೆ ತಿರುಗುವಾಗಲೇ ಕಳಚಿಕೊಳ್ಳುವ ಅಪಾಯ ಇದೆ. ಜಾಸ್ತಿ ಕತ್ತರಿಸಿದ ಶಾಫ್ಟಿಗೆ ವೆಲ್ಡಿಂಗ್ ಮಾಡಿ ಉದ್ದ ಮಾಡುತ್ತೇವೆ ಅನ್ನುವವರಿಗೆ ಕೈ ಮುಗಿದು ಹೊಸದು ತನ್ನಿ.

ಜೋಡಿಸುವಾಗ ಎರಡೂ ತುದಿಯ ಯೋಕ್‌ಗಳು, ಅಂದರೆ ಕ್ರಾಸ್ (ಶಾಫ್ಟ್ ತುದಿ ಬಾಗಲು ಬಿಡುವ ಕೂಡು ಗುರುತಿನ ಆಕಾರದ ಕೀಲು) ಕೂರುವ ಕವಲುಗಳು, ಒಂದೇ ಗೆರೆಯಲ್ಲಿರಬೇಕು. ಒಂದು ಅಡ್ಡ, ಒಂದು ಉದ್ದ ಆದರೆ ಇಡೀ ಗಾಡಿ ನಡುಗುತ್ತದೆ, ಕ್ರಾಸ್ ಬೇಗ ಸವೆಯುತ್ತದೆ.

ಟಾಪ್ ಲಿಂಕ್ ಎಷ್ಟು ತಿರುಗಿಸಬೇಕು?

ಕೆಲಸ ಮಾಡುವ ಆಳದಲ್ಲಿ ನಿಂತಾಗ ರೋಟವೇಟರ್ ಗೇರ್‌ಬಾಕ್ಸಿನ ಶಾಫ್ಟ್ ನೆಲಕ್ಕೆ ಸಮನಾಗಿರಲಿ. ಟಾಪ್ ಲಿಂಕ್ ಗಿಡ್ಡ ಆದರೆ ಹಿಂಭಾಗ ಎದ್ದು ಮೂಗು ಮಣ್ಣಿಗೆ ಚುಚ್ಚುತ್ತದೆ, ಉದ್ದ ಆದರೆ ಹಿಂಭಾಗ ಕುಸಿಯುತ್ತದೆ. ಎಡ ಬಲ ಸಮ ಮಾಡಲು ಬಲಗಡೆಯ ಲಿಂಕಿನ ಹಿಡಿಕೆ ತಿರುಗಿಸಿ.

ಲಿಫ್ಟ್ ಎತ್ತಿದರೆ ಮುಂದಿನ ಗಾಲಿ ಹಗುರ ಆಗುತ್ತದೆ. ಭಯ ಪಡಬೇಕಾ?

ಪಡಬೇಕು. ಸ್ಟೇರಿಂಗ್ ಹಿಡಿತಕ್ಕೆ ಟ್ರ್ಯಾಕ್ಟರ್ ತೂಕದ ಐದನೇ ಒಂದು ಭಾಗವಾದರೂ ಮುಂದಿನ ಗಾಲಿಯ ಮೇಲಿರಬೇಕು. ಮುಂದೆ ವೇಟ್ ಹಾಕಿಸಿ. ಬದು ಹತ್ತುವಾಗ, ಕಾಲುವೆ ಏರಿ ಏರುವಾಗ ರೋಟವೇಟರನ್ನು ಎಷ್ಟು ಬೇಕೋ ಅಷ್ಟೇ ಎತ್ತಿ. ಆಕಾಶಕ್ಕೆ ಎತ್ತಿಕೊಂಡು ಹೋಗೋದು ನೋಡಲು ಚೆಂದ, ಅಷ್ಟೇ.

ಪಿಟಿಒದಲ್ಲಿ ಎರಡು ಸ್ಪೀಡ್ ಇದೆ. ಯಾವುದು ಹಾಕಬೇಕು?

540, ಅಂದರೆ ನಿಮಿಷಕ್ಕೆ 540 ಸುತ್ತು. ರೋಟವೇಟರ್ ಗೇರ್‌ಬಾಕ್ಸ್ ಅದಕ್ಕೆಂದೇ ಮಾಡಿದ್ದು. ಕೆಲವು ಮಿನಿ ಟ್ರ್ಯಾಕ್ಟರ್‌ಗಳಲ್ಲಿ 980ರ ಸ್ಪೀಡೂ ಇರುತ್ತದೆ, ಅದು ಈ ಕೆಲಸಕ್ಕಲ್ಲ. ಎಂಜಿನ್ ಎಷ್ಟು ಆರ್‌ಪಿಎಂ ಓಡಿದರೆ ಪಿಟಿಒ 540 ಬರುತ್ತದೆ ಅನ್ನೋದು ಪುಸ್ತಕದಲ್ಲಿದೆ, ಮೀಟರಿನ ಮೇಲೂ ಬಹಳ ಗಾಡಿಗಳಲ್ಲಿ ಗುರುತು ಇರುತ್ತದೆ.

540 ಅಂದರೆ ಸೆಕೆಂಡಿಗೆ 9 ಸುತ್ತು. ಲುಂಗಿಯ ಅಂಚೋ, ಹೆಗಲ ಮೇಲಿನ ಟವೆಲ್ಲೋ, ಸೀರೆ ಸೆರಗೋ ಅದಕ್ಕೆ ಸಿಕ್ಕರೆ ಕೂಗುವಷ್ಟರಲ್ಲಿ ಮುಗಿದಿರುತ್ತದೆ. ಶಾಫ್ಟಿನ ಪ್ಲಾಸ್ಟಿಕ್ ಕವರನ್ನು "ಗ್ರೀಸ್ ಹೊಡೆಯಲು ಅಡ್ಡ" ಅಂತ ಕಿತ್ತು ಬಿಸಾಡಬೇಡಿ. ಅದರ ಚಿಕ್ಕ ಚೈನನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿ, ಕವರ್ ತಿರುಗಬಾರದು. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಿಕೊಂಡು ರೋಟವೇಟರ್ ಹೊಡೆಯುವುದನ್ನು ಇವತ್ತೇ ನಿಲ್ಲಿಸಿ.

ಯಾವ ಗೇರಿನಲ್ಲಿ ಓಡಿಸಬೇಕು? ಮಣ್ಣು ಹಿಟ್ಟಿನ ಹಾಗೆ ಆಗಬೇಕು, ಅಲ್ವಾ?

ಲೋ ಗೇರ್, ಗಂಟೆಗೆ 2ರಿಂದ 4 ಕಿ.ಮೀ. ವೇಗ. ನಿಧಾನ ಹೋದಷ್ಟೂ ಮಣ್ಣು ನುಣ್ಣಗೆ. ಹಿಂದಿನ ಹಲಗೆ ಇಳಿಸಿದರೆ ಹೆಂಟೆಗಳು ಅದಕ್ಕೆ ಬಡಿದು ಇನ್ನೂ ಪುಡಿಯಾಗುತ್ತವೆ, ಎತ್ತಿದರೆ ಒರಟಾಗಿ ಬೀಳುತ್ತದೆ.

ಹಿಟ್ಟಿನ ಹಾಗೆ ಬೇಡ. ಚಳ್ಳಕೆರೆ ಕಡೆಯ ಕೆಂಪು ಮರಳು ಮಿಶ್ರಿತ ನೆಲವನ್ನು ತೀರಾ ಪುಡಿ ಮಾಡಿದರೆ ಒಂದು ಜೋರು ಮಳೆಗೆ ಮೇಲ್ಪದರ ಹೆಪ್ಪುಗಟ್ಟಿ, ಶೇಂಗಾ ಮೊಳಕೆ ಮೇಲೆ ಬರಲು ಒದ್ದಾಡುತ್ತದೆ. ಅದೂ ಅಲ್ಲದೆ ಪ್ರತಿ ಸಲ ಅದೇ ಆಳಕ್ಕೆ ಹೊಡೆಯುತ್ತಾ ಹೋದರೆ ಬ್ಲೇಡಿನ ತುದಿ ತಾಗುವ ಕಡೆ ಗಟ್ಟಿ ಪದರ ಕಟ್ಟುತ್ತದೆ, ನೀರು ಕೆಳಗಿಳಿಯಲ್ಲ. ಮೆಕ್ಕೆಜೋಳದ ಹೊಲಕ್ಕೆ ವರ್ಷ ವರ್ಷ ರೋಟವೇಟರ್ ಮಾತ್ರ ಹೊಡೆಯುವವರು ಮಧ್ಯೆ ಒಮ್ಮೆ ನೇಗಿಲನ್ನೋ ಕಲ್ಟಿವೇಟರನ್ನೋ ಹಾಕಿಸಿ.

ಅಡಿಕೆ ಬೇರಿಗೆ ಪೆಟ್ಟು ಬೀಳಲ್ವಾ?

ಬೀಳುತ್ತದೆ, ಆಳ ಜಾಸ್ತಿ ಆದರೆ. ಅಡಿಕೆಗೆ ತಾಯಿಬೇರು ಇಲ್ಲ. ನಾರುಬೇರುಗಳು ಬುಡದ ಸುತ್ತಲೇ, ಮೇಲ್ಮಣ್ಣಿನಲ್ಲೇ ಜಾಸ್ತಿ. ಮಳೆಗಾಲ ಮುಗಿದ ಮೇಲೆ ಹಗುರವಾಗಿ ಅಗೆತ ಕೊಡುವುದು ಮೊದಲಿಂದಲೂ ಇರುವ ಪದ್ಧತಿ. ರೋಟವೇಟರ್ ಆ ಅಗೆತದ ಜಾಗಕ್ಕೆ ಬಂದಿದೆ ಅಂತ ತಿಳಿದುಕೊಂಡರೆ ಸಾಕು. 3-4 ಇಂಚು, ಸಾಲಿನ ಮಧ್ಯೆ ಮಾತ್ರ. ಎರಡೂ ಪಕ್ಕದ ಸ್ಕಿಡ್ (ನೆಲದ ಮೇಲೆ ಜಾರುವ ಪಟ್ಟಿ) ಇಳಿಸಿ ಆಳ ಕಟ್ಟಿಹಾಕಿ, ಬರೀ ಲಿಫ್ಟ್ ಲಿವರನ್ನು ನಂಬಬೇಡಿ. ಕಳೆ ಕಂಡಾಗಲೆಲ್ಲಾ ಹೊಡೆಯೋದು ನನಗೆ ಸರಿ ಕಾಣುವುದಿಲ್ಲ. ಮಧ್ಯದ ಕಳೆಗೆ ಕಳೆ ಕತ್ತರಿಸುವ ಮಷೀನ್ ಸಾಕು, ಹುಲ್ಲು ಅಲ್ಲೇ ಮುಚ್ಚಿಗೆಯಾಗಿ ಬೀಳುತ್ತದೆ, ಬೋರ್‌ವೆಲ್ ನೀರಿನ ತೋಟಕ್ಕೆ ತೇವ ಉಳಿಯುತ್ತದೆ. ಇಳಿಜಾರಿನ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ಹೊಡೆದರೆ ಮೇಲ್ಮಣ್ಣು ಕೆಳಗಿನವರ ತೋಟಕ್ಕೆ ಹೋಗುತ್ತದೆ.

ಗರಿಕೆ, ಜೇಕು ಇರುವ ಕಡೆ?

ದಯವಿಟ್ಟು ಬೇಡ. ರೋಟವೇಟರ್ ಗರಿಕೆಯ ಬಳ್ಳಿಯನ್ನು ತುಂಡು ಮಾಡಿ ತೋಟ ತುಂಬಾ ಹಂಚುತ್ತದೆ, ತುಂಡು ತುಂಡೂ ಚಿಗುರುತ್ತದೆ. ಜೇಕಿನ ಗಡ್ಡೆಯೂ ಹಾಗೆಯೇ. ಬಿರು ಬಿಸಿಲಿನಲ್ಲಿ ಕಲ್ಟಿವೇಟರ್ ಹಾಕಿ, ಗಡ್ಡೆ ಬಳ್ಳಿ ಮೇಲೆ ಎಳೆದು ಒಣಗಿಸಿ, ಆರಿಸಿ ಹೊರಗೆ ಹಾಕಿ.

ಎರೆ ಭೂಮಿಯಲ್ಲಿ ಮಣ್ಣು ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ.

ಹದ ಬಂದಿಲ್ಲ. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ಪುಡಿಯಾದರೆ ಹದ, ಚಪ್ಪಟೆಯಾಗಿ ಕೂತರೆ ಇನ್ನೂ ಕಾಯಿರಿ. ಪೂರ್ತಿ ಒಣಗಿ ಬಿರುಕು ಬಿಟ್ಟ ಮೇಲೂ ಹೋಗಬೇಡಿ. ಆಗ ಕಲ್ಲಿನಂಥ ಹೆಂಟೆಗೆ ಬಡಿದು ಬ್ಲೇಡ್ ಬೋಲ್ಟ್ ಸಡಿಲಾಗುತ್ತವೆ.

ಡ್ರಿಪ್ ಪೈಪ್ ಸುತ್ತಿಕೊಂಡರೆ?

ಸುತ್ತಿಕೊಳ್ಳುತ್ತದೆ, ಒಂದಲ್ಲ ಒಂದು ದಿನ. ಹೊಡೆಯುವ ಮುಂಚೆ ಲ್ಯಾಟರಲ್‌ಗಳನ್ನು ಬುಡದ ಕಡೆ ಸರಿಸಿ, ಬಿದ್ದ ಸೋಗೆ, ಹಾಳೆ ಆರಿಸಿ. ಸುತ್ತಿಕೊಂಡಿತಾ? ಪಿಟಿಒ ಆಫ್, ಎಂಜಿನ್ ಆಫ್, ಕೀ ಜೇಬಿಗೆ. ಎತ್ತಿದ ರೋಟವೇಟರ್ ಕೆಳಗೆ ಎರಡೂ ಕಡೆ ದಿಮ್ಮಿ ಕೊಡಿ, ಹೈಡ್ರಾಲಿಕ್ ಮೇಲೆ ನಂಬಿಕೆ ಇಟ್ಟು ಕೈ ಹಾಕಬೇಡಿ. ಪೈಪನ್ನು ಎಳೆಯಬೇಡಿ, ಬ್ಲೇಡ್ ತಿರುಗಿ ಕೈಗೆ ಬರುತ್ತದೆ. ಕುಡುಗೋಲಿನಿಂದ ರೋಟರಿನ ಉದ್ದಕ್ಕೆ ಸೀಳಿದರೆ ಸುರುಳಿ ತಾನಾಗಿ ಬಿಚ್ಚುತ್ತದೆ. ಎರಡೂ ತುದಿಯ ಬೇರಿಂಗ್ ಹತ್ತಿರ ನೂಲಿನಷ್ಟು ತೆಳ್ಳಗೆ ನಾರು, ಪ್ಲಾಸ್ಟಿಕ್ ಸೇರಿಕೊಂಡಿರುತ್ತದೆ. ಚಾಕುವಿನ ತುದಿಯಲ್ಲಿ ಅದನ್ನೂ ಕೆರೆದು ತೆಗೆಯಿರಿ, ಸೀಲ್ ತಿನ್ನುವುದು ಅದೇ.

ಸಾಲಿನ ಕೊನೆಯಲ್ಲಿ ಹಾಗೇ ರಿವರ್ಸ್ ತಗೊಳ್ಳಬಹುದಾ?

ಇಲ್ಲ. ಬ್ಲೇಡ್ ಮಣ್ಣಿನಲ್ಲಿದ್ದಾಗ ಹಿಂದಕ್ಕೂ ಹೋಗಬೇಡಿ, ತಿರುಗಲೂ ಬೇಡಿ. ಪಿಟಿಒ ಬಿಡಿಸಿ, ಎತ್ತಿ, ತಿರುಗಿ, ಇಳಿಸುತ್ತಾ ಮತ್ತೆ ಪಿಟಿಒ ಹಾಕಿ. ತಿರುಗುತ್ತಿರುವ ಶಾಫ್ಟನ್ನು ಪೂರ್ತಿ ಎತ್ತಿದರೆ ಕ್ರಾಸ್ ಮಡಚಿ "ಟರಟರ" ಸದ್ದು ಬರುತ್ತದಲ್ಲ, ಅದು ಕ್ರಾಸಿನ ಆಯಸ್ಸು ಕಳೆಯುವ ಸದ್ದು.

ಬ್ಲೇಡ್ ಬದಲಾಯಿಸುವಾಗ ಏನು ಗಮನಿಸಬೇಕು?

ಎಡ, ಬಲ ಅಂತ ಎರಡು ಬಗೆಯ ಬ್ಲೇಡ್ ಇರುತ್ತವೆ. ರೋಟರ್ ಉದ್ದಕ್ಕೂ ಅವು ಸುರುಳಿಯ ಕ್ರಮದಲ್ಲಿ ಕೂತಿರುತ್ತವೆ, ಒಂದಾದ ಮೇಲೆ ಒಂದು ಮಣ್ಣಿಗೆ ತಾಗಲಿ ಅಂತ. ಎಲ್ಲಾ ಒಮ್ಮೆಲೇ ಬಿಚ್ಚಿ ಗುಡ್ಡೆ ಹಾಕಿದರೆ ಕ್ರಮ ಮರೆತುಹೋಗುತ್ತದೆ. ಒಂದು ಬಿಚ್ಚಿ, ಅದೇ ಜಾಗಕ್ಕೆ ಅದೇ ಬಗೆಯದು ಹಾಕಿ, ಆಮೇಲೆ ಮುಂದಿನದು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ನಮ್ಮ ಕಡೆ ಸಾಮಾನ್ಯ ಕೆಲಸಕ್ಕೆ ಎಲ್ ಆಕಾರದ್ದು, ಗಟ್ಟಿ ನೆಲಕ್ಕೆ ಸಿ ಆಕಾರದ್ದು. ಹಳೇ ಬ್ಲೇಡಿಗೆ ತುಂಡು ವೆಲ್ಡ್ ಮಾಡಿಸಬೇಡಿ, ಕಾಯಿಸಿದ ಕಡೆ ಉಕ್ಕಿನ ಹದ ಕೆಟ್ಟು ಕಲ್ಲಿಗೆ ತಾಗಿದಾಗ ಮುರಿದು ಹಾರುತ್ತದೆ. ಹೊಸ ಬೋಲ್ಟನ್ನು ಒಂದು ಗಂಟೆ ಕೆಲಸದ ನಂತರ ಮತ್ತೊಮ್ಮೆ ಬಿಗಿ ಮಾಡಿ.

ಗ್ರೀಸ್, ಆಯಿಲ್ ಯಾವಾಗ?

ಶಾಫ್ಟಿನ ಎರಡೂ ಕ್ರಾಸಿಗೆ ಪ್ರತಿ ದಿನ ಕೆಲಸಕ್ಕೆ ಮುಂಚೆ ಗ್ರೀಸ್. ಗೇರ್‌ಬಾಕ್ಸ್ ಬೇರೆ, ಪಕ್ಕದ ಗೇರ್ ಅಥವಾ ಚೈನ್ ಕೇಸ್ ಬೇರೆ. ಬಹಳ ಜನ ಮೊದಲನೆಯದಕ್ಕೆ ಹಾಕಿ ಎರಡನೆಯದನ್ನು ಮರೆಯುತ್ತಾರೆ. ಪುಸ್ತಕದಲ್ಲಿ ಹೇಳಿದ ಗ್ರೇಡಿನ ಗೇರ್ ಆಯಿಲ್ಲೇ ಹಾಕಿ. ಹೊಸ ಮಷೀನಿನ ಮೊದಲ ಆಯಿಲನ್ನು ಬೇಗ ಬದಲಾಯಿಸಿ, ಹೊಸ ಹಲ್ಲುಗಳು ಉಜ್ಜಿದ ಕಬ್ಬಿಣದ ಪುಡಿ ಅದರಲ್ಲಿರುತ್ತದೆ.

ಭದ್ರಾ ನಾಲೆಯ ಕೆಳಗೆ ಭತ್ತದ ಗದ್ದೆಯಲ್ಲಿ ಕೆಸರು ಹೊಡೆದವರು ಆಯಿಲ್ ಬಣ್ಣ ನೋಡಿ. ಹಾಲು ಬೆರೆತ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಸೀಲ್ ಹೋಗಿದೆ.

ಸಬ್ಸಿಡಿಗೆ ಎಲ್ಲಿ ಕೇಳಬೇಕು? ಬಾಡಿಗೆಗೆ ಸಿಗುತ್ತದಾ?

ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಫ್ರೂಟ್ಸ್ ಅನ್ನುವ ಸರ್ಕಾರದ ರೈತ ನೋಂದಣಿ ತಂತ್ರಾಂಶದ ಎಫ್‌ಐಡಿ ನಂಬರ್ ಮೊದಲು ಮಾಡಿಸಿಕೊಳ್ಳಿ, ಎಲ್ಲಾ ಪಹಣಿಯೂ ಅದಕ್ಕೆ ಸೇರಿರಲಿ. ಮಷೀನ್ ತಂದ ಮೇಲೆ ಅರ್ಜಿ ಹಾಕಬೇಡಿ, ಅರ್ಜಿ ಹಾಕಿ ಮಂಜೂರಾದ ಮೇಲೆ ತನ್ನಿ. ವರ್ಷಕ್ಕೆ ಒಂದೆರಡು ಸಲ ಮಾತ್ರ ಬೇಕು ಅನ್ನುವವರಿಗೆ ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆಯೇ ಲಾಭ. ಕೊಳ್ಳುವ ಮುಂಚೆ ಮಣ್ಣು, ತೋಟದ ಬಗ್ಗೆ ಸಲಹೆ ಬೇಕಿದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಇದೆ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ತಗೊಳ್ಳಬಹುದು. ಹೊಸ ಬಣ್ಣ ನೋಡಿ ಮರುಳಾಗಬೇಡಿ. ರೋಟರನ್ನು ಕೈಯಲ್ಲಿ ತಿರುಗಿಸಿ, ಮೇಲೆ ಕೆಳಗೆ ಅಲ್ಲಾಡಿಸಿ. ತುದಿಯಲ್ಲಿ ಆಡುತ್ತಿದ್ದರೆ ಬೇರಿಂಗ್ ಹೋಗಿದೆ. ಆಯಿಲ್ ಡ್ರೈನ್ ಬೋಲ್ಟ್ ಬಿಚ್ಚಿ ಅದರ ತುದಿ ನೋಡಿ. ಬೂದಿಯಂಥ ಪುಡಿ ಸಹಜ, ಚೂರು ಚೂರು ಕಬ್ಬಿಣ ಇದ್ದರೆ ಗೇರ್ ಹಲ್ಲು ಹೋಗಿದೆ. ಮೇಲಿನ ಫ್ರೇಮಿನಲ್ಲಿ ವೆಲ್ಡಿಂಗ್ ಗುರುತು ಹುಡುಕಿ. ಬ್ಲೇಡ್ ಸವೆದಿದ್ದರೆ ಚಿಂತೆ ಇಲ್ಲ, ಅದನ್ನೇ ತೋರಿಸಿ ರೇಟು ಇಳಿಸಿ. ಜೊತೆಗೆ ಬರುವ ಶಾಫ್ಟ್ ಬೇರೆ ಯಾವುದೋ ಟ್ರ್ಯಾಕ್ಟರಿಗೆ ಕತ್ತರಿಸಿದ್ದು. ಅದನ್ನು ನಿಮ್ಮ ಗಾಡಿಗೆ ಹಿಡಿದು ಅಳೆದು ನೋಡಿ, ಗಿಡ್ಡ ಬಂದರೆ ಹೊಸ ಶಾಫ್ಟಿನ ದುಡ್ಡನ್ನೂ ರೇಟಿನಲ್ಲಿ ಕಳೆಯಿರಿ.